ಅನಮೋಡ ಘಾಟಿನ ಪಟ್ಟೆ ಕಲ್ಲಿಗೆ ವಯಸ್ಸೆಷ್ಟು?

ಪ್ರಶ್ನೆ: ಸರ್, ನಾವು ಹುಬ್ಬಳ್ಳಿ ಕಡೆಯವ್ರು, ವಾಸ್ಕೊದಾಗ ಇರ್ತೀವಿ. ಊರಿಗೆ ಹೋಗುವಾಗ ಅನಮೋಡ ಘಾಟಿನಾಗ ಕರಿ-ಬಿಳಿ ಪಟ್ಟಿ ಪಟ್ಟಿ ಕಲ್ಲು ಕಾಣ್ತಾವು. ಅವು 340 ಕೋಟಿ ವರ್ಷದ್ದು ಅಂತ ಮಗಳು ಓದಿ ಹೇಳಿದ್ಲು. ಇದನ್ನ ಹೆಂಗ ಹೇಳ್ತಾರ್ರಿ? ಕಾರ್ಬನ್ ಡೇಟಿಂಗ್ ಮಾಡ್ತಾರೇನು?
– ಓದುಗರು, ವಾಸ್ಕೊ

ಉತ್ತರ: ಕಾರ್ಬನ್ ಅಲ್ಲ ಸರ್. ಅದರಲ್ಲಿ ಅಳೆಯೋ ಕಾರ್ಬನ್-14ರ ಅರ್ಧಾಯುಷ್ಯ, ಅಂದ್ರೆ ಇದ್ದದ್ದರಲ್ಲಿ ಅರ್ಧ ಕಳೆದುಹೋಗೋಕೆ ಹಿಡಿಯೋ ಕಾಲ, ಬರೀ 5,730 ವರ್ಷ, ಸುಮಾರು 50 ಸಾವಿರ ವರ್ಷ ದಾಟಿದ್ರೆ ಅಳೆಯೋಕೆ ಏನೂ ಉಳಿಯಲ್ಲ, ಅದೂ ಒಂದು ಕಾಲಕ್ಕೆ ಜೀವ ಇದ್ದ ಮರ, ಮೂಳೆಗೆ. ಇಷ್ಟು ಹಳೇ ಕಲ್ಲಿಗೆ ಹೆಚ್ಚಾಗಿ ನೆಚ್ಚೋದು ಯುರೇನಿಯಂ ಲೆಕ್ಕನ.

ಆ ಪಟ್ಟೆ ಕಲ್ಲಿಗೆ ನೈಸ್ ಅಂತಾರೆ. ಮೊದಲು ಗ್ರಾನೈಟ್ ತರದ ಕಲ್ಲಾಗಿದ್ದು, ಆಮೇಲೆ ಭೂಮಿಯೊಳಗೆ ಆಳದಲ್ಲಿ ಬೆಂದು ಒತ್ತಡಕ್ಕೆ ಸಿಕ್ಕಿ ಪಟ್ಟೆ ಬಿದ್ದದ್ದು. ಇಂಥ ಕಲ್ಲಲ್ಲಿ ಜಿರ್ಕಾನ್ ಅನ್ನೋ ಸಣ್ಣ ಹರಳು ಇರತ್ತೆ, ಮರಳಿನ ಕಣದಷ್ಟೂ ಇರಲ್ಲ ಎಷ್ಟೋ ಸಲ. ಅದು ಹುಟ್ಟೋವಾಗ ಯುರೇನಿಯಂನ ಒಳಗೆ ಬಿಟ್ಕೊಳ್ಳತ್ತೆ ಆದ್ರೆ ಸೀಸಾನ ಹತ್ತಿರಾನೂ ಸೇರಿಸಲ್ಲ, ಹಾಗಾಗಿ ಈಗ ಅದರೊಳಗೆ ಸೀಸ ಸಿಕ್ರೆ ಅದು ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ ಕಾಲಕ್ರಮೇಣ ತಾನಾಗೇ ಸೀಸವಾಗಿ ಬದಲಾಗಿ ಆದದ್ದೇ ಅಂತ ಲೆಕ್ಕ. ಯುರೇನಿಯಂನಲ್ಲಿ ಎರಡು ಬಗೆ: ಯುರೇನಿಯಂ-238 ಅರ್ಧ ಆಗೋಕೆ 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಬರೀ 70 ಕೋಟಿ. 340 ಕೋಟಿ ವರ್ಷದ ಹರಳಲ್ಲಿ ಮೊದಲನೇದು ನೂರಕ್ಕೆ 59 ಉಳಿದಿರತ್ತೆ, ಎರಡನೇದು ಮೂರೋ ನಾಲ್ಕೋ. ಎರಡೂ ಲೆಕ್ಕ ಒಂದೇ ವಯಸ್ಸು ಹೇಳಿದ್ರೆ ನಂಬಬಹುದು, ಹೇಳದೇ ಇದ್ರೆ ನಡುವೆ ಎಲ್ಲೋ ಸೀಸ ಸೋರಿಹೋಗಿದೆ ಅಂತ ಗೊತ್ತಾಗತ್ತೆ. ಬೇರೆ ಎಷ್ಟೋ ವಿಧಾನದಲ್ಲಿ ಈ ತರ ತಾಳೆ ನೋಡೋ ಸೌಕರ್ಯನೇ ಇಲ್ಲ.

ಆದ್ರೆ ಬೆಂದ ಕಲ್ಲಿನ ವಯಸ್ಸೆಷ್ಟು ಅಂತ ಕೇಳಿದ್ರೆ ಯಾವ ವಯಸ್ಸು ಅಂತ ನಾನು ತಿರುಗಿ ಕೇಳ್ತೀನಿ. ಅಡಿಪಾಯ ಅಜ್ಜನ ಕಾಲದ್ದು, ಮಾಳಿಗೆ ಅಪ್ಪ ಕಟ್ಟಿಸಿದ್ದು ಅಂತ ಮನೆ ಇರಲ್ವಾ, ಹಾಗೆ ಜಿರ್ಕಾನ್ ನಡುಭಾಗ ಮೂಲ ಗ್ರಾನೈಟ್ ಕಾಲದ್ದಿರತ್ತೆ, ಕಲ್ಲು ಮತ್ತೆ ಬೆಂದಾಗ ಅದರ ಸುತ್ತ ಹೊಸ ಅಂಚು ಬೆಳೆಯತ್ತೆ. ಆ ಅಂಚಲ್ಲಿ ಸಾಮಾನ್ಯವಾಗಿ ಯುರೇನಿಯಂಗೆ ಹೋಲಿಸಿದ್ರೆ ಥೋರಿಯಂ (ಇದೂ ಯುರೇನಿಯಂ ತರ ನಿಧಾನಕ್ಕೆ ಸೀಸವಾಗೋ ಧಾತು) ತೀರಾ ಕಮ್ಮಿ, ಅದೊಂದು ಗುರುತು. ಹಿಂದೆ ಹರಳನ್ನ ಪೂರ್ತಿ ಆಸಿಡ್‌ನಲ್ಲಿ ಕರಗಿಸಿ ಅಳೀತಿದ್ರು, ಎರಡೂ ಕಲಸಿ ಯಾವುದಕ್ಕೂ ಸೇರದ ನಂಬರ್ ಬರೋ ಅಪಾಯ ಇತ್ತು. 1980ರ ದಶಕದಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು ಶ್ರಿಂಪ್ ಅನ್ನೋ ಮಷಿನ್ ಬಳಕೆಗೆ ತಂದ ಮೇಲೆ, ಹರಳು ಕುಯ್ದು ಪಾಲಿಶ್ ಮಾಡಿ, ನಡುಭಾಗಕ್ಕೆ ಒಂದು ಅಯಾನ್ (ವಿದ್ಯುದಾವೇಶ ಇರೋ ಕಣಗಳ ಸಣ್ಣ ಕಿರಣ) ಏಟು, ಅಂಚಿಗೆ ಒಂದು ಏಟು ಕೊಟ್ಟು ಬೇರೆ ಬೇರೆ ವಯಸ್ಸು ತೆಗೆಯೋದು ಶುರುವಾಯ್ತು. ಇನ್ನು ಮೊನಜೈಟ್ ಅಂತ ಥೋರಿಯಂ ತುಂಬಿರೋ ಖನಿಜ ಇದೆ, ಕೇರಳದ ಚವರಾ ಮರಳಲ್ಲಿ ಸಿಗತ್ತಲ್ಲ ಅದೇ, ಅದು ಎಷ್ಟೋ ಸಲ ಕಲ್ಲು ಬೇಯೋವಾಗಲೇ ಹುಟ್ಟೋದ್ರಿಂದ ಬೆಂದ ಕಾಲವನ್ನ ನೇರ ಹೇಳತ್ತೆ. ಕಪ್ಪು ಅಭ್ರಕದಲ್ಲಿರೋ ಪೊಟ್ಯಾಸಿಯಂ ನಿಧಾನಕ್ಕೆ ಆರ್ಗಾನ್ ಅನಿಲ ಆಗತ್ತೆ, ಆ ಅನಿಲವನ್ನ ಅಭ್ರಕ ಹಿಡಿದಿಟ್ಕೊಳ್ಳೋದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದ ಮೇಲೆ, ಅದು ಹೇಳೋದು ಕಲ್ಲು ಆರಿದ ಕಾಲ.

ನಿಮ್ಮ ಮಗಳು ಓದಿದ ಅನಮೋಡದ 340 ಕೋಟಿ ಬಂದದ್ದು ರುಬಿಡಿಯಂ-ಸ್ಟ್ರಾನ್ಷಿಯಂ ವಿಧಾನದಿಂದ (ರುಬಿಡಿಯಂ ಎಷ್ಟು ಸ್ಟ್ರಾನ್ಷಿಯಂ ಆಗಿ ಬದಲಾಗಿದೆ ಅಂತ ಅಳೆಯೋದು), ಆಚೀಚೆ 14 ಕೋಟಿ ವರ್ಷ ಬಿಟ್ಟು. ಸ್ಟ್ರಾನ್ಷಿಯಂ ಬಿಸಿಗೆ ಸುಲಭವಾಗಿ ಜಾಗ ಬದಲಿಸತ್ತೆ, ಹಾಗಾಗಿ ನನಗೆ ಜಿರ್ಕಾನ್ ಮೇಲೇ ಹೆಚ್ಚು ನಂಬಿಕೆ.

ಪ್ರಶ್ನೆ: ನಮ್ಮ ಪುಣೆಯ ಕರಿಕಲ್ಲಿಗೂ ಜಿರ್ಕಾನ್ ಲೆಕ್ಕ ನಡೆಯತ್ತಾ?
– ಓದುಗರು, ಪಿಂಪ್ರಿ

ಉತ್ತರ: ನೇರವಾಗಿ ಕಷ್ಟ. ಅದು ಲಾವಾ ಹರಿದು ಆದ ಬಸಾಲ್ಟ್, ಬರೀ 6.6 ಕೋಟಿ ವರ್ಷದ್ದು, ಅದರಲ್ಲಿ ಸಿಲಿಕಾ ಕಮ್ಮಿ ಇರೋದ್ರಿಂದ ಜಿರ್ಕಾನ್ ಬೆಳೆಯೋದೇ ಅಪರೂಪ. ಹಾಗಂತ ವಿಜ್ಞಾನಿಗಳು ಬಿಟ್ಟಿಲ್ಲ, ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವೆ ಕೆಂಪು ಮಣ್ಣಿನ ತೆಳು ಪದರ ಇರತ್ತೆ, ಅದರಲ್ಲಿ ಕೆಲವು ಕಡೆ ಜ್ವಾಲಾಮುಖಿ ಬೂದಿ ಜೊತೆ ಬಂದು ಬಿದ್ದ ಜಿರ್ಕಾನ್ ಸಿಕ್ಕಿದೆ, ಅದನ್ನ ಅಳೆದು ಮೇಲಿನ ಕೆಳಗಿನ ಲಾವಾದ ಕಾಲ ಹೇಳ್ತಾರೆ. ಸಹ್ಯಾದ್ರಿ ಘಾಟ್‌ಗಳಲ್ಲಿ ರಸ್ತೆಗೆ ಗುಡ್ಡ ಕಡಿದ ಕಡೆ ಕರಿ ಪದರದ ನಡುವೆ ಇಟ್ಟಿಗೆ ಬಣ್ಣದ ಗೆರೆ ಕಂಡ್ರೆ ಅದೇ, ಡ್ರೈವ್ ಮಾಡೋರು ನೋಡೋಕೆ ಹೋಗ್ಬೇಡಿ, ಪಕ್ಕದ ಸೀಟಿನವರು ನೋಡ್ಲಿ.