ತೆಗೆಯಿರಿ ಎಂದರೆ ತೆಗೆಯುತ್ತಾರೆಯೇ?

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿರುವ 24 ವರ್ಷದ ಮಹಿಳೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ನಮ್ಮಲ್ಲಿಗೆ ಬಂದದ್ದು ಇನ್ನು ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹೆಸರು ಬರೆಸಲು. ಆದರೆ ಮಾತಿನ ನಡುವೆ, "ಮುಂದೆ ಇನ್ನೊಂದು ಬೇಕೆನಿಸಿದರೆ ಮೇಡಂ?" ಎಂದು ಮತ್ತೆ ಮತ್ತೆ ಕೇಳಿದರು. ಹಾಗೆ ಕೇಳುವವರನ್ನು ಆಪರೇಷನ್ನಿಗೆ ಕಳುಹಿಸಬಾರದು ಎಂಬುದು ನನ್ನ ಖಚಿತ ನಿಲುವು. ಅದು ಶಾಶ್ವತ ವಿಧಾನ.

ವಂಕಿ, ಅಂದರೆ ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಅವರಿಗೆ ಗೊತ್ತಿತ್ತು. "ಅದು ಎದೆಗೆ ಏರುತ್ತದಂತೆ, ಅತ್ತೆ ಹೇಳುತ್ತಾರೆ. ಕಾಫಿ ಮೂಟೆ ಹೊತ್ತರೆ ಜಾರುತ್ತದಂತೆ." ನಾನು ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಅಲ್ಲಿಂದ ಎದೆಗೆ ದಾರಿಯೇ ಇಲ್ಲವೆಂದು ತೋರಿಸಿದೆ. ಕೆಲವರಲ್ಲಿ ಅದು ತಾನಾಗಿ ಹೊರಬರುವುದುಂಟು, ಆದರೆ ಮೂಟೆ ಹೊತ್ತದ್ದರಿಂದಲ್ಲ ಎಂದೂ ಹೇಳಿದೆ. ಅವರು ಚಿತ್ರವನ್ನೇ ನೋಡುತ್ತಿದ್ದರು. ಆಮೇಲೆ ನಿಜವಾದ ಭಯ ಹೊರಬಂತು: "ನಮ್ಮ ನಾದಿನಿ ತೆಗೆಸಲು ಹೋದಾಗ ಬೈದು ಕಳುಹಿಸಿದರು. ನನಗೂ ಹಾಗೆ ಮಾಡಿದರೆ?"

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಮಹಿಳೆಯರಲ್ಲಿ ಆಪರೇಷನ್ ಮಾಡಿಸಿಕೊಂಡವರು ಶೇ 37.9, ವಂಕಿ ಬಳಸುವವರು ಶೇ 2.1. ಈ ಅಂತರಕ್ಕೆ ಹೆಂಗಸರ ಅಜ್ಞಾನವನ್ನಷ್ಟೇ ದೂರುವುದು ಅನ್ಯಾಯ. ತೆಗೆಸುವ ಹಕ್ಕನ್ನು ಮೊದಲು ಹೇಳದೆ ಹಾಕಿಸಿಕೊಳ್ಳಿ ಎಂದರೆ ಯಾರು ನಂಬುತ್ತಾರೆ?

ಆದ್ದರಿಂದ ಅಲ್ಲಿಂದಲೇ ಶುರುಮಾಡಿದೆ. ಯಾವ ದಿನ ಬೇಡವೆನಿಸಿದರೂ, ಕಾರಣ ಹೇಳದೆಯೂ ತೆಗೆಸಬಹುದು. ಗಂಡನ ಸಹಿ ಬೇಕಿಲ್ಲ. ತೆಗೆದ ಕೂಡಲೇ ಬಸಿರಾಗುವ ಶಕ್ತಿ ಮರಳುತ್ತದೆ. 380ಎ ಎಂಬ ಬಗೆಯ ವಂಕಿ ಹತ್ತು ವರ್ಷ, 375 ಎಂಬ ಬಗೆಯದು ಐದು ವರ್ಷ ಕೆಲಸ ಮಾಡುತ್ತದೆ. ವರ್ಷಕ್ಕೆ ನೂರು ಮಂದಿಯಲ್ಲಿ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಬಹುದು. ಲೈಂಗಿಕ ಸೋಂಕನ್ನು ಇದು ತಡೆಯದು, ಅದಕ್ಕೆ ಕಾಂಡೋಮ್ ಬೇಕು.

ಅವರಿಗೆ ರಕ್ತ ಕಡಿಮೆಯಿತ್ತು. ಹಾಗಾಗಿ ನನ್ನ ಒಲವು ಬಸಿರು ತಡೆಯುವ ಅಂತರಾ ಚುಚ್ಚುಮದ್ದಿನ ಕಡೆಗಿತ್ತು. ಅದರಲ್ಲಿ ಮುಟ್ಟು ಏರುಪೇರಾದರೂ ಕ್ರಮೇಣ ಸ್ರಾವ ಕಡಿಮೆಯಾಗುತ್ತದೆ. ನಿಲ್ಲಿಸಿದ ಮೇಲೆ ಬಸಿರಾಗಲು ಕೆಲವು ತಿಂಗಳು ತಡವಾಗಬಹುದು ಎಂದೂ ತಿಳಿಸಿದೆ. ಅವರು ಒಪ್ಪಲಿಲ್ಲ. "ಮೂರು ತಿಂಗಳಿಗೊಮ್ಮೆ ಬರಬೇಕೆಂದರೆ ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ದಿನದ ಕೂಲಿ ಹೋಗುತ್ತದೆ." ಆ ಲೆಕ್ಕ ನನ್ನ ಸಲಹೆಗಿಂತ ಗಟ್ಟಿಯಾಗಿತ್ತು.

ವೈದ್ಯರು ಪರೀಕ್ಷಿಸಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಮುಂದಿನ ಮುಟ್ಟಿನ ಸಮಯದಲ್ಲಿ 375 ಹಾಕಿದರು. ಜ್ವರ, ದುರ್ವಾಸನೆಯ ಬಿಳುಪು, ಕೆಳಹೊಟ್ಟೆಯ ತೀವ್ರ ನೋವು, ಮುಟ್ಟು ನಿಲ್ಲುವುದು, ವಂಕಿಯ ದಾರ ಕೈಗೆ ಸಿಗದಿರುವುದು ಕಂಡರೆ ಕಾಯದೆ ಬರಬೇಕೆಂದು ಹೇಳಿ, ಹಾಕಿದ ದಿನಾಂಕದ ಕಾರ್ಡ್ ಕೊಟ್ಟೆ. ಆರು ವಾರದ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು, ಸ್ರಾವ ಮಾತ್ರ ತುಸು ಹೆಚ್ಚು. ಅತ್ತೆಗೆ ಇನ್ನೂ ಹೇಳಿಲ್ಲವಂತೆ. ಹೇಳಿ ಎಂದು ನಾನೂ ಒತ್ತಾಯಿಸಲಿಲ್ಲ.