ಮಳೆಗಾಲಕ್ಕೆ ಡಿಸ್ಕೌಂಟ್ ಯಾಕೆ?

ಕೊಡಗಿನ ನಾಪೋಕ್ಲು ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಕಾಫಿ ತೋಟದ ಮನೆಯಲ್ಲಿ ಮೂರು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಫೋನೇ ಬರುವುದಿಲ್ಲವಂತೆ. ಗ್ಯಾಸು, ಕರೆಂಟು, ಕೂಲಿ ಎಲ್ಲ ಏರಿದೆ. “ಬಾಡಿಗೆ ಅರ್ಧಕ್ಕೆ ಇಳಿಸಲಾ, ಇಲ್ಲ ಸಾಲ ಮಾಡಿ ಈಜುಕೊಳ ಕಟ್ಟಿಸಲಾ?” ಎಂದು ಕೇಳಿದ್ದಾರೆ.

ಸುರಿಯುವ ಮಳೆಯಲ್ಲಿ ಈಜುಕೊಳವೇ, ತಾಯಿ? ಅದನ್ನು ಇಲ್ಲಿಗೇ ಬಿಡೋಣ.

ಬೆಲೆ ಇಳಿಸಿ ಎನ್ನುವವರ ಮಾತಿನಲ್ಲೂ ಹುರುಳಿದೆ. ಇವತ್ತಿನ ರಾತ್ರಿಯನ್ನು ನಾಳೆ ಮಾರಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಲೆಕ್ಕ ಹಾಕಿ. 3,000 ರೂಪಾಯಿಯ ಕೋಣೆಯನ್ನು 1,500ಕ್ಕೆ ಕೊಟ್ಟಿರಿ ಅನ್ನಿ. ಬುಕಿಂಗ್ ಆ್ಯಪ್‌ನವರು ಶೇ 15 ಹಿಡಿದುಕೊಂಡರೆ ಉಳಿಯುವುದು 1,275. ಇಬ್ಬರ ಊಟ ತಿಂಡಿ, ಗೀಸರ್, 19 ಕಿಲೋ ಸಿಲಿಂಡರಿನ ಪಾಲು ಕಳೆಯಿರಿ. ಇನ್ನು ಆ ಬೆಡ್‌ಶೀಟು! ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಒಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ ಅಂತ ಸ್ಟಾರ್ ಕಡಿಮೆ ಮಾಡುತ್ತಾರೆ. ನಾನು ಕಂಡಂತೆ ಅರ್ಧ ಬೆಲೆಗೆ ಬಂದವರೇ ಜಾಸ್ತಿ ಗೊಣಗುವವರು.

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಟ್ಟಲಾಗದ ಇಬ್ಬರು ಹುಡುಗರು ಮನೆಯಲ್ಲಿ ಗಾಳಿ ಹಾಸಿಗೆ ಹಾಸಿ ಅತಿಥಿಗಳನ್ನು ಇಟ್ಟುಕೊಂಡರು. ಮನೆ, ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಹುಟ್ಟಿದ್ದು ಹಾಗೆ. ಮರುವರ್ಷ ವ್ಯಾಪಾರವಿಲ್ಲದೆ ಸಾಲ ಏರಿತು. ಅದು ಅಮೆರಿಕದ ಅಧ್ಯಕ್ಷ ಚುನಾವಣೆಯ ವರ್ಷ. ಒಬಾಮಾ ಹೆಸರಿನ ಸೀರಿಯಲ್ ಡಬ್ಬ ಮಾಡಿ 40 ಡಾಲರಿಗೊಂದರಂತೆ ಮಾರಿ ಬಚಾವಾದರು.

ನಿಮ್ಮ ಹತ್ತಿರ ಮಾರಲು ಏನಿದೆ ಅಂತೀರಾ? ಅತ್ತೆ ಪಕ್ಕದಲ್ಲಿ ಕಳಲೆ (ಎಳೆ ಬಿದಿರು) ಹೆಚ್ಚುತ್ತಾ ಕೂತಿದ್ದಾರೆ ಎಂದು ಪತ್ರದ ಕೊನೆಗೆ ನೀವೇ ಬರೆದಿದ್ದೀರಿ. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು! ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಆ ತಿಂಗಳ ಹದಿನೆಂಟನೇ ದಿನದ ಮದ್ದು ಸೊಪ್ಪಿನ ಹಬ್ಬ. ಆ ಔಷಧಿ ಸೊಪ್ಪಿನ ನೇರಳೆ ಬಣ್ಣದ ಪಾಯಸ, ಏಡಿ ಸಾರು, ಕಾಡಿನ ಅಣಬೆ ಡಿಸೆಂಬರಿನಲ್ಲಿ ಸಿಗುತ್ತದೆಯೇ? ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ ಎಂದು ಮಾತ್ರ ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ನನಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿದ್ದೆ.

ಎರಡು ಕೋಣೆಗೆ ಬೀಗ ಹಾಕಿ. ಒಂದನ್ನು ಪೂರ್ತಿ ಬೆಲೆಗೆ ಕೊಡಿ. ರೆಡ್ ಅಲರ್ಟ್ ಇದ್ದರೆ ಬರಬೇಡಿ ಎಂದು ದುಡ್ಡು ವಾಪಸ್ ಮಾಡಿ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ನಿಮಗೆ ನಾನು ಇದನ್ನು ಹೇಳಬೇಕಾಗಿಲ್ಲ.

ಎರಡು ದಶಕದ ಹಿಂದೆ ಕಾಫಿ ಬೆಲೆ ನೆಲ ಕಚ್ಚಿದಾಗ ತೋಟದ ಮನೆಗಳಿಗೆ ಆಸರೆಯಾಗಿದ್ದು ಹೋಂಸ್ಟೇ. ಈಗ ಬೋರ್ಡಿನಲ್ಲಷ್ಟೇ ಹೋಂ. ಮನೆಯವರು ಯಾರೂ ಇಲ್ಲ, ಮ್ಯಾನೇಜರ್ ಇದ್ದಾನೆ. ಡಿಜೆ ಹಾಕಿ, ಪೈಪಿನಿಂದ ನೀರು ಸುರಿಸಿ ‘ರೈನ್ ಡ್ಯಾನ್ಸ್’ ಮಾಡಿಸುತ್ತಾರೆ. ಕೊಡಗಿನಲ್ಲಿ, ಪೈಪಿನ ಮಳೆ! ಇಂಥವರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯುತ್ತೀರಾ?

ಅಂದಹಾಗೆ, ಆಗಸ್ಟ್ 2 ಮತ್ತು 3ಕ್ಕೆ ಆ ಕೋಣೆ ನನಗಿರಲಿ. ಡಿಸ್ಕೌಂಟ್ ಬೇಡ. ಬೆಡ್‌ಶೀಟ್ ನಾನೇ ತರುತ್ತೇನೆ.