ಬಾಯಿಪಾಠ ಮಾಡಿ ಮಾಡಿ ನರ್ಸಿಂಗೇ ಬೇಸರವಾಗಿದೆ

ಪ್ರಶ್ನೆ: ಹತ್ತನೆಯವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಇಂಗ್ಲಿಷ್ ನೋಟ್ಸ್ ಬಾಯಿಪಾಠ ಮಾಡುತ್ತೇನೆ, ಪಾಸಾಗುತ್ತೇನೆ, ಮರೆಯುತ್ತೇನೆ. ರೋಗಿಯ ಆರೈಕೆಯ ಯೋಜನೆ, ಅಂದರೆ ಕೇರ್ ಪ್ಲಾನ್, ಸೀನಿಯರ್‌ಗಳ ಫೈಲ್ ನೋಡಿ ಬರೆಯುತ್ತೇವೆ. ‘ಕ್ರಿಟಿಕಲ್ ಥಿಂಕಿಂಗ್ ಬೆಳೆಸ್ಕೊಳ್ಳಿ’ ಅಂತಾರೆ ಮೇಡಂ. ಹೇಗೆ? ಓದಲು ಮನಸ್ಸೇ ಬರುತ್ತಿಲ್ಲ.
– ಓರ್ವ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಮನಸ್ಸು ಬರಲಿ, ಆಮೇಲೆ ಓದೋಣ ಅಂತ ಕಾಯಬೇಡಿ. ನಿಮ್ಮ ಬೇಸರಕ್ಕೆ ಆ ಸೀನಿಯರ್ ಫೈಲೇ ಕಾರಣ ಅಂತ ನನಗನಿಸುತ್ತದೆ. ಯಾರದೋ ರೋಗಿಯ ಬಗ್ಗೆ ಬರೆದದ್ದನ್ನು ನಿಮ್ಮ ರೋಗಿಯ ಹೆಸರಿಗೆ ಇಳಿಸಿದರೆ ಕುತೂಹಲ ಎಲ್ಲಿಂದ ಬರಬೇಕು?

ಉಸಿರಾಟದಿಂದ ಶುರು ಮಾಡಿ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20. ಎಷ್ಟೋ ಚಾರ್ಟ್‌ಗಳಲ್ಲಿ ಎಲ್ಲರಿಗೂ ಸಾಲಾಗಿ 20 ಅಂತ ಇರುತ್ತದೆ, ನೀವೂ ನೋಡಿರುತ್ತೀರಿ. ನೀವು ಪೂರ್ತಿ ಒಂದು ನಿಮಿಷ ನಿಂತು ಎಣಿಸಿ. 26 ಬಂತು ಅಂದುಕೊಳ್ಳಿ. ಮೊದಲು ಡ್ಯೂಟಿ ಸಿಸ್ಟರ್‌ಗೆ ಹೇಳಿ, ಯಾಕೆಂದರೆ ರೋಗಿಯ ಸ್ಥಿತಿ ಕೆಡುತ್ತಿದೆ ಅನ್ನುವ ಸುಳಿವು ಎಷ್ಟೋ ಸಲ ಬಿಪಿ ಇಳಿಯುವ ಮುಂಚೆಯೇ ಉಸಿರಾಟದಲ್ಲಿ ಸಿಗುತ್ತದೆ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ. ಯಾಕೆ ಜಾಸ್ತಿ? ಜ್ವರವೇ, ನೋವೇ, ಭಯವೇ, ಎದೆಯಲ್ಲಿ ಸೋಂಕೇ? ನಿನ್ನೆ ಎಷ್ಟಿತ್ತು? ಇನ್ನೇನು ನೋಡಿದರೆ ಖಾತ್ರಿಯಾಗುತ್ತದೆ? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ರಾತ್ರಿ ಪುಸ್ತಕ ತೆರೆಯಿರಿ. ಅದೇ ಪುಟ ಆಗ ಬೇರೆ ಥರ ಓದಿಸಿಕೊಳ್ಳುತ್ತದೆ.

ಇದನ್ನೆಲ್ಲ ಇಂಗ್ಲಿಷಿನಲ್ಲೇ ಯೋಚಿಸಬೇಕಾಗಿಲ್ಲ. ಏನು ಕಂಡೆ, ಯಾಕಿರಬಹುದು ಅಂತ ಕನ್ನಡದಲ್ಲೇ ಬರೆದುಕೊಳ್ಳಿ, ಟರ್ಮ್‌ಗಳು ಮಾತ್ರ ಇಂಗ್ಲಿಷಿನಲ್ಲಿರಲಿ. ಕಾಸರಗೋಡಿನ ನಿಮಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಅಲ್ವಾ? ಡಾಕ್ಟರ ಮುಂದೆ ಸುಮ್ನೆ ತಲೆಯಾಡಿಸಿದ ಅಜ್ಜಿ, ತುಳುವಿನಲ್ಲಿ ಕೇಳಿದರೆ ಮಾತ್ರೆ ಅರ್ಧರ್ಧ ನುಂಗುತ್ತಿದ್ದುದನ್ನು ನಿಮಗೆ ಹೇಳಿಯಾರು.

ನಿಮ್ಮೂರಿಂದ ಎಣ್ಮಕಜೆ ದೂರವಿಲ್ಲ. ಅಲ್ಲಿನ ಪಡ್ರೆಯ ಕಥೆ ಗೊತ್ತೇ ಇರುತ್ತದೆ. ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಮಕ್ಕಳ ಕಾಯಿಲೆಗೆ ದೈವದ ಮುನಿಸೇ ಕಾರಣ ಅಂದುಕೊಂಡವರೂ ಇದ್ದರು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ಅಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ ಡಾಕ್ಟರು ಕೇಳಿದರು, ಬರೆದರು, ಊರವರೂ ಬಿಡದೆ ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಮೇಡಂ ಹೇಳುವ ಕ್ರಿಟಿಕಲ್ ಥಿಂಕಿಂಗ್ ಇದೇ.

ಮುಂದಿನ ಕೇರ್ ಪ್ಲಾನ್ ಒಂದನ್ನಾದರೂ ಫೈಲ್ ಮುಟ್ಟದೆ ಬರೆಯಿರಿ. ಮಾರ್ಕ್ ಒಂದೆರಡು ಕಡಿಮೆಯಾದರೆ ಆಗಲಿ. ಕೊನೆಯ ಇವ್ಯಾಲ್ಯುಯೇಷನ್ ಕಾಲಂ ಮಾತ್ರ ಅವತ್ತೇ ತುಂಬಬೇಡಿ. ಮರುದಿನ ಆ ರೋಗಿಯ ಹತ್ತಿರ ಹೋಗಿ, ನೀವು ಅಂದುಕೊಂಡದ್ದು ಸರಿಯಾಯಿತಾ ಅಂತ ನೋಡಿ ಬರೆಯಿರಿ.